ದೊಡ್ಡ ಕ್ಯಾಮರಾದಾಗ ಒಂದ್ ಫೋಟೋ

ಆ ಶುಕ್ರವಾರದ ಬೆಳಿಗ್ಗೆಯೂ ಹಾಲಿನಿಂದಲೇ ಶುರುವಾಯಿತು. ಈ ಊರಿನ ಡಬ್ಬಿ ಹಾಲನ್ನು ಕಾಯಿಸಬೇಕಾಗಿಲ್ಲ ಎಂದು ನನ್ನ ಗಂಡ ಹನ್ನೊಂದು ವರ್ಷದಿಂದ ಹೇಳುತ್ತಿದ್ದಾರೆ. ಹನ್ನೊಂದು ವರ್ಷದಿಂದ ನಾನು ಕಾಯಿಸುತ್ತಲೇ ಇದ್ದೇನೆ. ಉಕ್ಕುವ ಹೊತ್ತಿಗೆ ಸರಿಯಾಗಿ ಒಲೆ ಆರಿಸಿ, ಮಗಳ ನೀರಿನ ಬಾಟಲಿ ತುಂಬಿಸಿ, ಅವಳ ಸ್ಕೂಲ್ ಬೆಲ್ಟನ್ನು ಸೋಫಾದ ಸಂದಿಯಿಂದ ಎಳೆದು ಕೊಟ್ಟೆ. ಆಮೇಲೆ ಬಾಗಿಲು ತೆರೆದು ಕಾರಿಡಾರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹೊಸ್ತಿಲ ಮುಂದೆ ಸೀಮೆಸುಣ್ಣದಲ್ಲಿ ಐದು ಚುಕ್ಕಿಯ ರಂಗೋಲಿ ಬರೆದೆ. ನಾವಿರುವುದು ಈ ಪರದೇಶದ ಬೆಡೋಕ್ ಬಡಾವಣೆಯಲ್ಲಿ, ಒಂಬತ್ತನೇ ಮಹಡಿ. ಪುಡಿಯ ರಂಗೋಲಿ ಹಾಕಿದರೆ ಗಾಳಿಗೆ ಹಾರಿ ಪಕ್ಕದ ಮನೆಯ ಚೀನೀ ಆಂಟಿಯ ಚಪ್ಪಲಿಗಳ ಮೇಲೆ ಕೂರುತ್ತದೆ. ಅವರು ಏನೂ ಅನ್ನುವುದಿಲ್ಲ, ಚಪ್ಪಲಿ ಎತ್ತಿ ಎರಡು ಸಲ ಗೋಡೆಗೆ ತಟ್ಟುತ್ತಾರೆ. ಆ ಸದ್ದು ಕೇಳಿದ ಮೇಲೆ ನಾನು ಸೀಮೆಸುಣ್ಣಕ್ಕೆ ಬದಲಾಯಿಸಿಕೊಂಡೆ.

ಕೊನೆಯ ಕೆಲಸ ಡ್ರೈ ಕ್ಯಾಬಿನೆಟ್ಟಿನ ಗಾಜು ಒರೆಸುವುದು. ಇಲ್ಲಿಯ ಹವೆಯಲ್ಲಿ ಸದಾ ನೀರಿನ ಪಸೆ. ಕ್ಯಾಮರಾದ ಲೆನ್ಸನ್ನು ಸುಮ್ಮನೆ ಕಪಾಟಿನಲ್ಲಿಟ್ಟರೆ ಒಳಗೆ ಬೂಷ್ಟು ಬೆಳೆಯುತ್ತದೆ. ಅದಕ್ಕೇ ಇವರು ಗಾಜಿನ ಬಾಗಿಲಿನ, ಕರೆಂಟಿನಲ್ಲಿ ನಡೆಯುವ ಒಂದು ಗೂಡು ತಂದಿಟ್ಟಿದ್ದಾರೆ. ಒಳಗಿನ ತೇವ ಎಷ್ಟೆಂದು ಮೇಲ್ಗಡೆ ಕೆಂಪು ಅಂಕಿ ಉರಿಯುತ್ತಿರುತ್ತದೆ. ನಲವತ್ತೈದಿತ್ತು. ಅಷ್ಟಿದ್ದರೆ ಸರಿ. ನಡುವಿನ ಹಲಗೆಯ ಮೇಲೆ ಕ್ಯಾಮರಾ ತಲೆತಗ್ಗಿಸಿ ಕೂತಿತ್ತು. ಕೆಳಗಿನ ಹಲಗೆಯಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಏಳು ಹಪ್ಪಳ.

ಇವರು ಶೂ ಹಾಕಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಕೇಳಿದರು. "ಫೋಟೋ ಇವತ್ತು ಕೊಟ್ಟು ಬರ್ತೀಯಾ?"

"ಹೋಗ್ತೀನಿ. ಲಿಟಲ್ ಇಂಡಿಯಾದಲ್ಲಿ ಅದೇ ದಿನ ಮಾಡ್ಕೊಡ್ತಾರಂತೆ."

"ಸಂಡೇ ಎಲ್ರೂ ಬರ್ತಾರೆ. ದೊಡ್ಡದಾಗಿ ಮಾಡ್ಸು. ಬಾಗಿಲು ತೆಗೆದ ತಕ್ಷಣ ಅವ್ವ ಕಾಣ್ಬೇಕು."

ಮಗಳು ಲಿಫ್ಟಿನ ಹತ್ತಿರದಿಂದಲೇ "ಪಾಪಾ, ಲೇಟ್ ಲಾ" ಎಂದು ಇಲ್ಲಿಯವರ ಧಾಟಿಯಲ್ಲಿ ಕೂಗಿದಳು. ಇವರು ಪಾಯಾ ಲೆಬಾರಿನ ಆಫೀಸಿಗೆ, ಅವಳು ಶಾಲೆಗೆ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನಾನು ಗಾಜು ಒರೆಸಿದ ಬಟ್ಟೆಯನ್ನು ಜಾಡಿಸಿ ಒಣಹಾಕಿದೆ.

ಭಾನುವಾರ ನಮ್ಮ ಅತ್ತೆ ತೀರಿಕೊಂಡು ಒಂದು ವರ್ಷ.

ಅತ್ತೆ ಬಾಗಲಕೋಟೆ ಕಡೆಯವರು. ಮಾವನವರು ಹೋದ ಮೇಲೆ ಇಲ್ಲಿ ನೆಲೆಸಲು ಕೊಡುವ ಲಾಂಗ್ ಟರ್ಮ್ ಪಾಸಿನ ಮೇಲೆ ನಮ್ಮ ಜೊತೆಗೇ ಬಂದಿದ್ದರು; ಕಡೆಯ ಆರು ವರ್ಷ ಇದೇ ಮನೆಯಲ್ಲಿ. ಇಂಗ್ಲಿಷ್ ಬಾರದು, ಮಲಯ್ ಬಾರದು, ಆದರೂ ಪಕ್ಕದ ಮನೆಯ ಆಂಟಿಗೂ ಅತ್ತೆಗೂ ಒಳ್ಳೆಯ ಸ್ನೇಹ. ಕಾರಿಡಾರಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಇಬ್ಬರೂ ಬೆಳ್ಳುಳ್ಳಿ ಬಿಡಿಸುತ್ತಿದ್ದರು, ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವಸರದಲ್ಲಿ ಅವರ ಪಾಸಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಬಿಳಿ ಗೋಡೆ, ಹೆದರಿದ ಕಣ್ಣು, ಫ್ಲ್ಯಾಶಿಗೆ ಬಿಳಿಚಿಕೊಂಡ ಹಣೆ. ಇವರು ಅದನ್ನು ಒಂದು ವಾರ ನೋಡಿ, "ಆಫೀಸ್ ಕಾರ್ಡ್ ಥರ ಇದೆ" ಎಂದು ತೆಗೆದು ಕಪಾಟಿನಲ್ಲಿ ಮಗುಚಿಟ್ಟರು.

ಬೇರೆ ಫೋಟೋ ಹುಡುಕೋಣ ಎಂದರು. ಹುಡುಕಿದೆವು. ಇವರ ಲ್ಯಾಪ್‌ಟಾಪಿನಲ್ಲಿ ಸಾವಿರಾರು ಚಿತ್ರಗಳಿವೆ. ಮೀನು ಕಚ್ಚಿಕೊಂಡ ಮಿಂಚುಳ್ಳಿ, ನೀರುನಾಯಿಯ ಸಂಸಾರ, ಕೊಕ್ಕಿನ ಮೇಲೆ ಕೊಕ್ಕಿಟ್ಟಂಥ ಮಂಗಟ್ಟೆ ಹಕ್ಕಿ. ಒಂದೊಂದು ಗರಿಯ ಅಂಚೂ ಎಣಿಸಬಹುದು. ಅತ್ತೆ ಒಂದರಲ್ಲೂ ಇರಲಿಲ್ಲ. ಇವರು ಹಿಂದಕ್ಕೆ ಹೋಗುತ್ತ ಹೋಗುತ್ತ ಸ್ಕ್ರೋಲ್ ಮಾಡಿ, ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿ ಸ್ನಾನಕ್ಕೆ ಹೋದರು. ನಾದಿನಿ ಊರಿಂದ ಕಳಿಸಿದ್ದೆಲ್ಲ ಮದುವೆಮನೆಯ ಗುಂಪಿನ ಫೋಟೋಗಳು, ವಾಟ್ಸಾಪಿನಲ್ಲಿ ಬರುವಾಗ ಇನ್ನಷ್ಟು ಸವೆದವು. ನನ್ನ ಫೋನಿನಲ್ಲಿ ಮಾತ್ರ ಒಂದಿತ್ತು. ಅತ್ತೆ ಒಬ್ಬರೇ, ನಗುತ್ತ, ನೇರವಾಗಿ ನಮ್ಮನ್ನೇ ನೋಡುತ್ತಿರುವುದು. ಅದನ್ನು ತೋರಿಸಿದಾಗ ಇವರು, "ಇದು ಎಷ್ಟು ಚೆನ್ನಾಗಿದೆ, ಯಾವಾಗ ತೆಗ್ದೆ?" ಎಂದರು. "ಯಾವಾಗಲೋ" ಎಂದೆ.

ಯಾವಾಗ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಹೇಳುವ ಮೊದಲು ಆ ಕ್ಯಾಮರಾ ಮನೆಗೆ ಬಂದ ದಿನದ ಮಾತು ಹೇಳಬೇಕು.

ಇವರು ಅದನ್ನು ಪೆಟ್ಟಿಗೆಯಿಂದ ತೆಗೆದಾಗ ಅತ್ತೆ ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದರು. "ಫೋನ್‌ನ್ಯಾಗೂ ಫೋಟೋ ಬರ್ತೈತಲ್ಲೋ. ಇದ್ಯಾಕ ಕುಟ್ಟೂ ಕಲಬತ್ತಿನಂಗ ಭಾರ ಐತಿ?"

"ಅವ್ವಾ, ಒಳಗ ಬೆಳಕು ಬೀಳೂ ಜಾಗ ಇರ್ತೈತಿ. ಸೆನ್ಸಾರ್ ಅಂತಾರ. ಫೋನ್‌ದಾಗ ಅದು ಕಿರುಬೆಳ್ಳಿನ ಉಗುರಿಗಿಂತ ಸಣ್ಣದು. ಇದ್ರಾಗ ನೋಡು, ದೊಡ್ಡ ಅಂಚೆ ಚೀಟಿಯಷ್ಟು." ನನ್ನ ಹತ್ತಿರ ಬೆಂಗಳೂರಿನ ಕನ್ನಡ ಮಾತಾಡುವ ಇವರು ಅತ್ತೆಯ ಎದುರು ಕೂತರೆ ಊರಿನವರಾಗಿಬಿಡುತ್ತಿದ್ದರು.

ಮಗಳು ತಲೆಹಾಕಿದಳು. "ಬಟ್ ಅಮ್ಮನ ಫೋನಲ್ಲಿ ಮೆಗಾಪಿಕ್ಸೆಲ್ ಇದಕ್ಕಿಂತ ಜಾಸ್ತಿ ಇದೆ, ಪಾಪಾ. ನೀವು ವೇಸ್ಟ್ ಮಾಡಿದ್ರಿ."

"ಪಿಕ್ಸೆಲ್ ಅಂದ್ರೆ ಚುಕ್ಕಿ ಅಷ್ಟೇ ಪುಟ್ಟಾ," ಎಂದು ಇವರು ತೆರೆದ ಬಾಗಿಲಾಚೆ ನನ್ನ ರಂಗೋಲಿ ತೋರಿಸಿದರು. "ಅಮ್ಮ ಹಾಕಿದ್ದಾಳಲ್ಲ, ಐದು ಚುಕ್ಕಿ. ಅಷ್ಟೇ ಜಾಗದಲ್ಲಿ ಇಪ್ಪತ್ತೊಂದು ಚುಕ್ಕಿ ಹಾಕು ಅಂದ್ರೆ ಏನಾಗುತ್ತೆ?"

ಉತ್ತರ ಕೊಟ್ಟವರು ಅತ್ತೆ. "ಒಂದಕ್ಕೊಂದು ಹತ್ತಿ ಕಲಸಿ ಹೋಗ್ತಾವ. ಗೆರಿ ಎಳಿಯಾಕ ಜಾಗಾನ ಇರಂಗಿಲ್ಲ. ಅದಕ್ಕ ಅಂಗಳ ಬೇಕು."

"ಹಾಂ. ಇದು ಅಂಗಳ," ಎಂದು ಇವರು ಕ್ಯಾಮರಾ ತಟ್ಟಿದರು.

ಅತ್ತೆ ಇನ್ನೊಮ್ಮೆ ಅದನ್ನು ತಿರುಗಿಸಿ ನೋಡಿದರು. "ಹಂಗಾದ್ರ ಮನಷ್ಯಾರ ಮುಖ ತಗಿಯಾಕ ಇದು ಚಲೋ ನೋಡು."

"ನಾ ಹಕ್ಕಿ ತಗಿಯಾಕ ತಂದೀನವ್ವಾ," ಎಂದು ಇವರು ನಕ್ಕರು. ನಾವೆಲ್ಲ ನಕ್ಕೆವು.

ಡ್ರೈ ಕ್ಯಾಬಿನೆಟ್ಟಿಗೆ ಅತ್ತೆ ಇಟ್ಟ ಹೆಸರು ಕ್ಯಾಮರಾದ ಫ್ರಿಜ್ಜು. ಅದರೊಳಗೆ ಪಸೆ ಆರುತ್ತದೆ ಎಂದು ಗೊತ್ತಾದ ಮಾರನೆಯ ವಾರವೇ ಕೆಳಗಿನ ಹಲಗೆಯಲ್ಲಿ ಹಪ್ಪಳ ಬಂತು, ಆಮೇಲೆ ಶೇಂಗಾ ಚಟ್ನಿಪುಡಿ. ಇವರು ಪಾರ್ಕಿನಲ್ಲಿ ಗೆಳೆಯರ ಮುಂದೆ ಲೆನ್ಸ್ ತೆಗೆದರೆ ಬೆಳ್ಳುಳ್ಳಿ ವಾಸನೆ. "ಲಕ್ಷಗಟ್ಟಲೆ ಸಾಮಾನಿನ ಬಾಜೂಕ ಹಪ್ಪಳ ಇಡ್ತೀಯಲ್ಲವ್ವಾ," ಎಂದು ರೇಗಿದರೆ, "ನಿನ್ನ ಹಕ್ಕಿಗೋಳು ತಿನ್ನಲಿ ಬಿಡೋ," ಎನ್ನುತ್ತಿದ್ದರು. ಚಟ್ನಿಪುಡಿ ಖಾಲಿಯಾಯಿತು. ಆ ಏಳು ಹಪ್ಪಳವನ್ನು ಮಾತ್ರ ಒಂದು ವರ್ಷದಿಂದ ಇವರೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ಕ್ಯಾಮರಾವನ್ನೂ ಇವರು ಅಂದಿನಿಂದ ಹೊರಗೆ ತೆಗೆದಿಲ್ಲ.

ಅತ್ತೆಯ ಮುಖದಲ್ಲಿ ಎಲ್ಲರಿಗೂ ಮೊದಲು ಕಾಣುತ್ತಿದ್ದುದು ಹಣೆಯ ಹಚ್ಚೆ. ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಹಾಕಿಸಿದ ಒಂದೇ ಒಂದು ಹಸಿರು ಚುಕ್ಕಿ, ಕುಂಕುಮ ಇಡುವ ಜಾಗದಲ್ಲಿ. ನನ್ನ ಮಗಳು ಚಿಕ್ಕವಳಿದ್ದಾಗ ಅದನ್ನು ಪೆನ್ನಿನ ಗುರುತು ಎಂದುಕೊಂಡು ರಬ್ಬರು ತಂದು ಉಜ್ಜಿದ್ದಳು. ಅತ್ತೆ ಹಣೆ ಒಡ್ಡಿಕೊಂಡು ಕೂತು, ಅವಳು ದಣಿದ ಮೇಲೆ ಹೇಳಿದರು. "ಅದು ಹೋಗಂಗಿಲ್ಲ ಕೂಸ. ನಿಮ್ಮಜ್ಜ ಹ್ವಾದ ದಿನ ಕುಂಕುಮ ಅಳಿಸಿದ್ರು. ಇದನ್ನ ಅಳಸಾಕ ಅವರಿಗೂ ಆಗಲಿಲ್ಲ."

ಈಗ ಆ ಫೋಟೋ ತೆಗೆದ ಸಂಜೆಗೆ ಬರುತ್ತೇನೆ. ಎರಡು ವರ್ಷದ ಹಿಂದೆ, ಮಳೆ ಕವಿದ ಒಂದು ಸಂಜೆ. ಇವರು ಇನ್ನೂ ಬಂದಿರಲಿಲ್ಲ. ನಾನು ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ಇಳಕಲ್ ಸೀರೆ ಉಟ್ಟಿದ್ದರು, ಆಗಷ್ಟೇ ವಿಭೂತಿ ಹಚ್ಚಿಕೊಂಡಿದ್ದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ನೆಲ ನೋಡುತ್ತ ಅಂದರು.

"ಯವ್ವಾ, ಅವಗ ಒಂದ್ ಮಾತು ಹೇಳ್ತೀಯೇನು? ಆ ದೊಡ್ಡ ಕ್ಯಾಮರಾದಾಗ ನಂದೊಂದ್ ಫೋಟೋ ತಗಿ ಅನ್ನು."

"ಏನು ಅತ್ತೆ, ಇದ್ದಕ್ಕಿದ್ದಂತೆ?"

"ನಾಳೆ ಗ್ವಾಡಿಗೆ ಹಾಕಾಕ ಒಂದು ಬೇಕಾಗ್ತೈತೆಲ್ಲ. ನಿಮ್ಮ ಮಾವಂದು ಸಿಗಲಿಲ್ಲ, ರೇಷನ್ ಕಾರ್ಡಿನ್ದು ಹಾಕಿದ್ವಿ. ಗುರ್ತ ಹತ್ತಂಗಿಲ್ಲ."

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಮಾರಲ್ ಸೈನ್ಸ್ ತರಗತಿಯಲ್ಲಿ ಸಿಸ್ಟರ್ ಒಬ್ಬರು ಹೇಳಿಕೊಡುತ್ತಿದ್ದರು: ಯಾರಾದರೂ ಅಹಿತವಾದ ಮಾತು ತೆಗೆದರೆ ವಾದಿಸಬಾರದು, ಮೆಲ್ಲಗೆ, ನಗುತ್ತ, ವಿಷಯ ಬದಲಾಯಿಸಬೇಕು. ಆ ಪಾಠದಲ್ಲಿ ನನಗೆ ಸದಾ ಒಳ್ಳೆಯ ಅಂಕ. ಮನೆಯಲ್ಲೂ ಹಾಗೇ ಬೆಳೆದವರು ನಾವು. ಹಿರಿಯರು ಸಾವಿನ ಮಾತಾಡಿದರೆ ಬಿಡ್ತು ಅನ್ನಿ ಎನ್ನುತ್ತೇವೆ. ಬದುಕಿರುವವರನ್ನು ಕೂರಿಸಿ ಗೋಡೆಗೆಂದು ಫೋಟೋ ತೆಗೆಯುವುದೆಂದರೆ ನಾವೇ ಕರೆದ ಹಾಗೆ.

"ಬಿಡ್ತು ಅನ್ನಿ ಅತ್ತೆ. ಅಂಥ ಮಾತೆಲ್ಲ ಯಾಕೆ," ಎಂದು ಕೈ ಒರೆಸಿಕೊಂಡು ಫೋನ್ ತೆಗೆದೆ. "ಫೋಟೋನೇ ತಾನೆ ಬೇಕು. ಈಗ ಫೋನಲ್ಲೇ ಎಷ್ಟು ಚೆನ್ನಾಗಿ ಬರುತ್ತೆ ನೋಡಿ." ಅವರಿಗೂ ತಮ್ಮ ಮುಖ ಕಾಣಲಿ ಎಂದು ಮುಂದುಗಡೆಯ ಕ್ಯಾಮರಾಕ್ಕೆ ತಿರುಗಿಸಿ ಅವರ ಎದುರು ಹಿಡಿದೆ. ಅತ್ತೆ ತಮ್ಮನ್ನು ತಾವೇ ನೋಡಿಕೊಂಡು, ಸ್ವಲ್ಪ ನಾಚಿ, ನಕ್ಕರು. ಕ್ಲಿಕ್ ಮಾಡಿದೆ. "ಚಂದ ಬಂದೈತಿ," ಎಂದು ಎದ್ದು ಹೋದರು. ಮತ್ತೆ ಆ ಮಾತೆತ್ತಲಿಲ್ಲ. ವಿಷಯ ಬದಲಾಯಿತು. ನಾನು ಬದನೆಕಾಯಿ ಹೆಚ್ಚಿದೆ. ಇವರಿಗೆ ಹೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಭಾನುವಾರ ಬೆಳಿಗ್ಗೆ ಅತ್ತೆ ಬೇಗ ಸ್ನಾನ ಮಾಡಿ ಅದೇ ಇಳಕಲ್ ಸೀರೆ ಉಟ್ಟು ಕಾರಿಡಾರಿನ ಕುರ್ಚಿಯಲ್ಲಿ ಕೂರುತ್ತಿದ್ದುದನ್ನು ನಾನು ಗಮನಿಸಿದ್ದೆ. ನಾದಿನಿಯ ವೀಡಿಯೋ ಕಾಲ್ ಬರುವುದು ಭಾನುವಾರ. ತಮ್ಮ ಮಗಳೆದುರು ಚೆನ್ನಾಗಿ ಕಾಣಲಿ ಅಂತಿರಬೇಕು ಎಂದುಕೊಂಡಿದ್ದೆ.

ಲಿಟಲ್ ಇಂಡಿಯಾದ ಆ ಅಂಗಡಿ ಒಂದು ಗಲ್ಲಿಯೊಳಗಿದೆ. ಪಾಸ್‌ಪೋರ್ಟ್ ಫೋಟೋ, ಲ್ಯಾಮಿನೇಷನ್, ದೇವರ ಪಟಗಳಿಗೆ ಕಟ್ಟು. ಅಂಗಡಿಯ ಯಜಮಾನರು ವಯಸ್ಸಾದ ತಮಿಳರು, ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿಕೊಂಡಿದ್ದರು. ಅವರ ತಮಿಳು, ನನ್ನ ಮುರುಕು ತಮಿಳು, ನಡುನಡುವೆ ಇಂಗ್ಲಿಷ್, ಹೀಗೆ ಮಾತಾಡಿಕೊಂಡೆವು. ಫೋನಿನಿಂದ ಚಿತ್ರವನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು ನೋಡಿದ ಕೂಡಲೇ ಕೇಳಿದರು.

"ಸೆಲ್ಫಿ ಕ್ಯಾಮರಾದಲ್ಲಿ ತೆಗೆದಿದ್ದಾಮ್ಮಾ?"

"ಹೇಗೆ ಗೊತ್ತಾಯ್ತು?"

ಅತ್ತೆಯ ಹಿಂದಿನ ಗೋಡೆಯ ಕ್ಯಾಲೆಂಡರನ್ನು ಪೆನ್ಸಿಲಿನಿಂದ ಮುಟ್ಟಿ ತೋರಿಸಿದರು. ಅಂಕಿಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ. ಎರಡು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇನೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಒಂದು ಕೀಲಿ ಒತ್ತಿದರು. ಅತ್ತೆ ಬಲದಿಂದ ಎಡಕ್ಕೆ ತಿರುಗಿಕೊಂಡರು.

"ಎಷ್ಟು ದೊಡ್ಡದು ಬೇಕು?"

ಕೈ ಅಗಲಿಸಿ ತೋರಿಸಿದೆ. ಅವರು ನಾಲಗೆಯಿಂದ ಚ್ ಎಂದರು.

"ಕಷ್ಟಮ್ಮಾ. ಫೋನಿನ ಹಿಂದಿನ ಕ್ಯಾಮರಾ ಆಗಿದ್ದರೆ ಏನೋ ಮಾಡಬಹುದಿತ್ತು. ಮುಂದಿನದರ ಸೆನ್ಸಾರ್ ಅದಕ್ಕಿಂತ ಸಣ್ಣದು, ಅಕ್ಕಿಕಾಳಿನಷ್ಟು ಅಂತಿಟ್ಟುಕೊಳ್ಳಿ. ಮೇಲೆ ಇದು ಮೋಡದ ಹೊತ್ತು, ಟ್ಯೂಬ್‌ಲೈಟು. ಬೆಳಕೇ ಕಡಿಮೆ, ಹಿಡಿಯುವ ಜಾಗವೂ ಕಡಿಮೆ. ಒಂದೊಂದು ಚುಕ್ಕಿಗೆ ಎರಡು ಹನಿ ಬೆಳಕು ಬಿದ್ದಿದೆಯೋ ಇಲ್ಲವೋ. ಉಳಿದಿದ್ದನ್ನು ಫೋನು ತಾನೇ ಊಹೆ ಮಾಡಿ ಬಳಿದಿದೆ."

ಚಿತ್ರವನ್ನು ಹಿಗ್ಗಿಸಿ ತೋರಿಸಿದರು. ಅತ್ತೆಯ ಕೆನ್ನೆ ರವೆಯಂತೆ ಒಡೆದುಕೊಂಡಿತು. ಬೂದು, ನಸುಗೆಂಪು, ಹಸಿರು ಕಾಳುಗಳು. ಕೂದಲು ಒಂದೇ ಮುದ್ದೆ. ಕಣ್ಣಿನ ಸುತ್ತ ಇದ್ದ ಗೆರೆಗಳನ್ನು ಫೋನು ಅಂದೇ ಇಸ್ತ್ರಿ ಮಾಡಿಬಿಟ್ಟಿತ್ತು. ಅಡುಗೆಮನೆಯಲ್ಲಿ ಅಂದು ಅಂಗೈಯಗಲದ ಪರದೆಯ ಮೇಲೆ ನೋಡಿ ನಾವಿಬ್ಬರೂ ಚಂದ ಅಂದಿದ್ದೆವು.

"ಏನಾದ್ರೂ ಮಾಡಿ ಅಂಕಲ್. ಮನೆಯಲ್ಲಿ ದೊಡ್ಡದೇ ಬೇಕು ಅಂದಿದ್ದಾರೆ."

"ಈಗ ಹೊಸ ಸಾಫ್ಟ್‌ವೇರ್ ಇದೆ. ನೋಡೋಣ, ಇರಿ."

ಪರದೆಯ ಮೇಲೆ ಒಂದು ನೀಲಿ ಗೆರೆ ನಿಧಾನವಾಗಿ ಎಡದಿಂದ ಬಲಕ್ಕೆ ಓಡಿತು. ಗೆರೆ ದಾಟಿದ ಕಡೆಯೆಲ್ಲ ರವೆ ಮಾಯ. ರೆಪ್ಪೆಯ ಒಂದೊಂದು ಕೂದಲು ಮೂಡಿತು. ಹಲ್ಲು ಹೊಳೆಯಿತು. ಸೀರೆಯ ಅಂಚಿನಲ್ಲಿ ನೂಲು ಕಂಡಿತು. ನಾನು ಸಂತೋಷದಿಂದ ಮುಂದಕ್ಕೆ ಬಾಗಿದೆ. ಇವರು ಬಾಗಿಲು ತೆರೆದು ನೋಡಿದಾಗ ಏನು ಹೇಳಬಹುದೆಂದು ಕೂಡ ಯೋಚಿಸಿಬಿಟ್ಟೆ.

ಆಮೇಲೆ ಹಣೆ ನೋಡಿದೆ. ವಿಭೂತಿಯ ಮೂರು ಪಟ್ಟೆ ಸೇರಿ ಒಂದು ಬಿಳಿ ಹೊಳಪಾಗಿತ್ತು, ಬಿಸಿಲು ಬಿದ್ದಂತೆ. ಅದರ ಕೆಳಗೆ, ಹುಬ್ಬುಗಳ ನಡುವೆ, ಏನೂ ಇರಲಿಲ್ಲ. ನುಣುಪಾದ, ಒಳ್ಳೆಯ, ಯಾರದೋ ಚರ್ಮ.

"ಇಲ್ಲಿ ಹಚ್ಚೆ ಇತ್ತಲ್ಲ," ಎಂದೆ.

ಅವರು ಕನ್ನಡಕ ಇಳಿಸಿಕೊಂಡು ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟು ಹಿಗ್ಗಿಸಿದರು. ಹಣೆಯ ತುಂಬ ಕಾಳು. ಹಸಿರಿನವೇ ಹತ್ತಾರಿದ್ದವು. "ಇದರಲ್ಲಿ ನಿಮ್ಮ ಹಚ್ಚೆ ಯಾವುದು, ಸೆನ್ಸಾರಿನ ಕಾಳು ಯಾವುದು, ನೀವೇ ಹೇಳಿಮ್ಮಾ. ಸಾಫ್ಟ್‌ವೇರ್‌ಗೆ ಎರಡೂ ಕಸವೇ."

ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಅಂದರು. "ಅದಕ್ಕೇನು, ನಾನೇ ಹಸಿರು ಚುಕ್ಕಿ ಇಟ್ಟುಕೊಡ್ತೀನಿ. ಎಲ್ಲಿ ಅಂತ ತೋರಿಸಿ." ಮೌಸನ್ನು ನನ್ನ ಕಡೆ ಸರಿಸಿದರು.

ಹುಬ್ಬುಗಳ ನಡುವೆ ಇಟ್ಟೆ. ಕೆಳಗಾಯಿತು. ಕೂದಲೆಳೆಯಷ್ಟು ಮೇಲೆ. ಅಲ್ಲ. ಸ್ವಲ್ಪ ಎಡಕ್ಕಿತ್ತಲ್ಲವೇ? ನಾನು ಎದುರು ಕೂತಾಗ ಎಡವೋ, ಅವರ ಎಡವೋ? ಮಸೂರದಷ್ಟಿತ್ತೋ, ಸಾಸಿವೆಯಷ್ಟೋ? ಕಡೆಯ ವರ್ಷ ಅವರಿಗೆ ಕೈಯನ್ನು ತಲೆಯವರೆಗೆ ಎತ್ತಲಾಗದೆ ದಿನಾ ನಾನೇ ಎದುರು ನಿಂತು ತಲೆ ಬಾಚಿದ್ದೇನೆ. ನೆಲದ ಮೇಲೆ ಬಿದ್ದ ಒಂದು ಕರಿಬೇವಿನ ಎಲೆ ನನ್ನ ಕಣ್ಣಿಗೆ ಬೀಳದೆ ಹೋಗುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಮೌಸು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ನನ್ನ ಹಿಂದೆ ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರೊಬ್ಬರು ಗಂಟಲು ಸರಿಮಾಡಿಕೊಂಡರು. ಕೈ ತೆಗೆದುಬಿಟ್ಟೆ.

"ಬೇಡ ಅಂಕಲ್. ನಾನಿಟ್ಟರೆ ಸುಳ್ಳಾಗುತ್ತೆ."

ಅವರು ಮೌಸನ್ನು ತಮ್ಮ ಕಡೆ ಎಳೆದುಕೊಂಡರು. "ಹಾಗಾದ್ರೆ ಒಂದು ಕೆಲಸ ಮಾಡ್ತೀನಿ. ಈ ರಿಪೇರಿಯೆಲ್ಲ ಬೇಡ. ಮೊದಲಿನದನ್ನೇ ಸಣ್ಣದಾಗಿ ಪ್ರಿಂಟ್ ಹಾಕ್ತೀನಿ, ಪೋಸ್ಟ್‌ಕಾರ್ಡ್ ಸೈಜು. ಸಣ್ಣದು ಮಾಡಿದರೆ ಕಾಳೆಲ್ಲ ಒಂದಕ್ಕೊಂದು ಕೂಡಿ ಕಣ್ಣಿಗೆ ಕಾಣೋದಿಲ್ಲ. ಸಣ್ಣ ಸೆನ್ಸಾರಿಗೆ ಸಣ್ಣ ಫೋಟೋ. ಅದರ ಯೋಗ್ಯತೆ ಅಷ್ಟು."

ಪ್ರಿಂಟು ಬಂತು. ಅಂಗೈಯಲ್ಲಿಟ್ಟು ಕೈ ಚಾಚಿ ಹಿಡಿದೆ. ಅತ್ತೆ ನಾಚಿ ನಗುತ್ತಿದ್ದರು. ಹಣೆಯಲ್ಲಿ, ಅದು ಇರಬೇಕಾದ ಕಡೆ, ನೀರಿನಲ್ಲಿ ಅದ್ದಿದ ಹಸಿರಿನ ಒಂದು ನೆರಳಿತ್ತು. ಹತ್ತಿರ ತಂದರೆ ಇಲ್ಲ. ದೂರ ಹಿಡಿದರೆ ಇದೆ.

ಮನೆಗೆ ಬರುವ ಬಸ್ಸಿನಲ್ಲಿ ಆ ಕವರನ್ನು ತೊಡೆಯ ಮೇಲೆ ನೇರವಾಗಿ ಹಿಡಿದು ಕೂತಿದ್ದೆ. ನಾನು ಆ ಸಂಜೆ ಒಂದೇ ಒಂದು ಮಾತು ಇವರಿಗೆ ಹೇಳಿದ್ದರೆ ಸಾಕಿತ್ತು. ರೆಪ್ಪೆಯ ಕೂದಲನ್ನು ಯಾವ ಸಾಫ್ಟ್‌ವೇರೂ ಹೊಸದಾಗಿ ಬರೆಯಬೇಕಾಗಿರಲಿಲ್ಲ. ಮಿಂಚುಳ್ಳಿಯ ಗರಿಯಂತೆ ಹಚ್ಚೆಯ ಅಂಚೂ ಕಾಣುತ್ತಿತ್ತು, ಸೂಜಿ ಚುಚ್ಚಿದ ಗುರುತೂ ಕಾಣುತ್ತಿತ್ತೇನೋ. ಅಂದು ಬೀಳದ ಬೆಳಕನ್ನು ಇಂದು ಎಲ್ಲಿಂದ ತರುವುದು.

ಇವರು ಆರೂವರೆಗೆ ಬಂದರು. ಮಗಳು ಇನ್ನೂ ಟ್ಯೂಷನ್ನಿನಲ್ಲಿದ್ದಳು. ಕಾರಿಡಾರಿನ ತುಂಬ ಸಂಜೆ ಬಿಸಿಲು ಓರೆಯಾಗಿ ಬಿದ್ದಿತ್ತು. ಟೇಬಲ್ಲಿನ ಮೇಲಿನ ಕವರ್ ತೆರೆದು ನೋಡಿ, ಒಳಗೆ ಇನ್ನೇನಾದರೂ ಇದೆಯೇ ಎಂದು ಕವರನ್ನು ಅಲ್ಲಾಡಿಸಿದರು.

"ಇಷ್ಟೇನಾ? ದೊಡ್ಡದು ನಾಳೆ ಕೊಡ್ತಾರಾ?"

"ಇಲ್ಲ. ಇಷ್ಟೇ. ದೊಡ್ಡದು ಬರಲ್ಲ ರೀ. ಫ್ರಂಟ್ ಕ್ಯಾಮರಾದಲ್ಲಿ ತೆಗೆದಿದ್ದು. ದೊಡ್ಡದು ಮಾಡಿದ್ರೆ ಹಚ್ಚೆ ಹೋಗುತ್ತೆ."

"ಫ್ರಂಟ್‌ನಲ್ಲಿ ಯಾಕೆ ತೆಗೆದೆ? ಗೊತ್ತಿಲ್ವಾ ನಿಂಗೆ, ಎಷ್ಟು ಸಲ ಹೇಳಿದ್ದೀನಿ." ಕೋಪದ ದನಿಯಲ್ಲ, ದಣಿದ ದನಿ. "ನನಗಾದ್ರೂ ಹೇಳಿದ್ರೆ ಒಂದು ನಿಮಿಷದ ಕೆಲಸ ಆಗಿತ್ತು."

ಇಲ್ಲಿ ವಿಷಯ ಬದಲಾಯಿಸಬಹುದಿತ್ತು. ಟೀ ಮಾಡ್ಲಾ ಅನ್ನಬಹುದಿತ್ತು. ಸ್ಟವ್ ಮೇಲೆ ಹಾಲೂ ಇತ್ತು.

"ಅತ್ತೆ ಹೇಳು ಅಂದಿದ್ರು," ಎಂದೆ. "ನಿಮಗೆ ಹೇಳು, ದೊಡ್ಡ ಕ್ಯಾಮರಾದಲ್ಲಿ ಒಂದು ಫೋಟೋ ತೆಗಿ ಅನ್ನು ಅಂತ. ಗೋಡೆಗೆ ಬೇಕಾಗುತ್ತೆ ಅಂದ್ರು. ನನಗೆ ಆ ಮಾತು ಕೇಳಕ್ಕಾಗ್ಲಿಲ್ಲ. ಅದಕ್ಕೆ ಫೋನಲ್ಲಿ ತೆಗೆದು ಸುಮ್ಮನಾದೆ. ನಿಮಗೆ ಹೇಳಲಿಲ್ಲ."

ಇವರು ಫೋಟೋವನ್ನು ಟೇಬಲ್ಲಿನ ಮೇಲಿಟ್ಟರು. ಮತ್ತೆ ಎತ್ತಿಕೊಂಡರು.

"ಎರಡು ವರ್ಷ ಆಯ್ತಾ ಇದಕ್ಕೆ?"

"ಹೂಂ."

"ನಿನಗ ಯಾಕ ಹೇಳಿದ್ಲು?" ಇವರ ಮಾತು ಊರಿನ ಕಡೆ ತಿರುಗಿತ್ತು. "ನಾ ಇದ್ನೆಲ್ಲ ಮನ್ಯಾಗ. ಪ್ರತಿ ರವಿವಾರ ಕ್ಯಾಮರಾ ಹೆಗಲಿಗೆ ಹಾಕ್ಕೊಂಡು ಅಕಿ ಮುಂದ ಹಾದು ಹೋಗತಿದ್ನೆಲ್ಲ. ನನಗ ಒಂದ್ ಮಾತು ಕೇಳಬಾರದಿತ್ತೇನು?"

ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೋಗಿ ಡ್ರೈ ಕ್ಯಾಬಿನೆಟ್ಟಿನ ಬಾಗಿಲು ತೆರೆದರು. ಒಂದು ವರ್ಷದಿಂದ ಒಳಗಿದ್ದ ಗಾಳಿ ಹೊರಬಂತು, ಅದರಲ್ಲಿ ಇಂಗಿನ, ಉದ್ದಿನ ಹಪ್ಪಳದ ಒಣ ವಾಸನೆ. ಹಲಗೆಗೆ ಒಂದು ಕೈಯೂರಿ ಬಾಗಿದರು. ಆಮೇಲೆ ಕ್ಯಾಮರಾ ತೆಗೆದುಕೊಂಡರು.

ಕಾರಿಡಾರಿನಲ್ಲಿ ಅತ್ತೆಯ ಪ್ಲಾಸ್ಟಿಕ್ ಕುರ್ಚಿ ಇನ್ನೂ ಅಲ್ಲೇ ಇದೆ. ಅದರ ಬೆನ್ನಿಗೆ ಆ ಪುಟ್ಟ ಫೋಟೋ ಒರಗಿಸಿ, ಇವರು ಮಂಡಿಯೂರಿ ಕೂತು ಕ್ಯಾಮರಾವನ್ನು ಕಣ್ಣಿಗೆ ಹಿಡಿದರು. ನಾನು ಬಾಗಿಲಲ್ಲಿ, ಬೆಳಿಗ್ಗೆಯ ರಂಗೋಲಿಯ ಈಚೆ ನಿಂತಿದ್ದೆ.

"ಇದ್ರಿಂದ ಮತ್ತೆ ತೆಗೆದ್ರೆ ಬರುತ್ತಾ?" ಎಂದು ಕೇಳಿದೆ.

"ಬರಲ್ಲ," ಎಂದರು ಕಣ್ಣು ತೆಗೆಯದೆ. "ಅದರಲ್ಲಿ ಇಲ್ಲದ್ದು ಇದರಲ್ಲಿ ಹೇಗೆ ಬರುತ್ತೆ? ಬ್ಯಾಟರೀನೂ ಸತ್ತಿದೆ."

ಆದರೂ ನೋಡುತ್ತಲೇ ಇದ್ದರು. ಬಿಸಿಲು ಕುರ್ಚಿಯ ಕಾಲಿನಿಂದ ಮೇಲೇರಿ ಫೋಟೋದ ಅಂಚಿಗೆ ಬಂದಿತ್ತು.

ಪಕ್ಕದ ಮನೆಯ ಗ್ರಿಲ್ ಬಾಗಿಲು ಕಿರುಗುಟ್ಟಿತು. ಆಂಟಿ ಕಸದ ಚೀಲ ಹಿಡಿದು ಹೊರಬಂದರು. ಮಂಡಿಯೂರಿದ್ದ ಇವರನ್ನು ಕಂಡು, ದಾರಿಗಾಗಿ ಗೋಡೆಯ ಕಡೆ ಸರಿದು ಹೋಗುತ್ತ, ನಿಲ್ಲದೆಯೇ, ತಮ್ಮ ಮುರುಕು ಇಂಗ್ಲಿಷಿನಲ್ಲಿ ಅಂದರು.

"ಓ, ಕ್ಯಾಮರಾ ಹೊರಗೆ ಬಂತಾ, ಎಷ್ಟು ದಿನ ಆಯ್ತು ಲಾ. ನಿಮ್ಮಮ್ಮ ಆಗ ಪ್ರತಿ ಸಂಡೇ ಚೆಂದದ ಸೀರೆ ಉಟ್ಟು, ಪೌಡರ್ ಹಾಕಿಕೊಂಡು ಇದೇ ಕುರ್ಚಿಯಲ್ಲಿ ನಿನ್ನನ್ನೇ ಕಾಯ್ತಿದ್ರು. ನಾನು ಏನು ಅಂತ ಕೇಳಿದ್ರೆ ಕೈಯಲ್ಲಿ ಹೀಗೆ ಕ್ಲಿಕ್ ಅಂತ ಮಾಡಿ ತೋರಿಸೋರು. ನಿನ್ನ ಹತ್ರ ಅವರ ಫೋಟೋ ರಾಶಿ ರಾಶಿ ಇರಬೇಕು, ಅಲ್ವಾ?"